ಗಲಗಲಿಯವರ ಮನೆಯಲ್ಲಿ ಸದಾ ನಾಲ್ಕೂ ಹತ್ತು

ನಮ್ಮ ವಾಡಾದ ವಾಮನರಾವ್ ಗಲಗಲಿಯವರು ಬಹಳ ಸೂಕ್ಷ್ಮದೃಷ್ಟಿಯ ಮನುಷ್ಯ. ಇದು ನನ್ನ ಅಭಿಪ್ರಾಯವಲ್ಲ, ಅವರದೇ ಅಭಿಪ್ರಾಯ. ವಾಡಾದಲ್ಲಿ ಬೇರೆ ಅಭಿಪ್ರಾಯವಿದ್ದವರು ಅದನ್ನು ಹೇಳುವಷ್ಟರಲ್ಲಿ ಅವರು ತಮ್ಮದನ್ನು ಎರಡು ಸಲ ಹೇಳಿ ಮುಗಿಸಿರುತ್ತಿದ್ದರು.

ನಾಗಪುರದ ಮಹಾಲ್ ಅನ್ನುವ ಪೇಟೆಯಲ್ಲಿ ಪೋಫಳಿ ಕಾಕು ಅವರದೊಂದು ಹಳೇ ವಾಡಾ. ನಡುವೆ ಅಂಗಳ, ಸುತ್ತ ಬಾಡಿಗೆ ಮನೆಗಳು. ಕನ್ನಡದವರು ಮೂರೇ ಮನೆ. ಕೇಂದ್ರ ಸರಕಾರದ ಒಂದು ಕಚೇರಿಯಲ್ಲಿ ಬಂದ ಕಾಗದ, ಹೋದ ಕಾಗದ ನೋಡಿಕೊಳ್ಳುವ ಗಲಗಲಿಯವರು. ಗೋಡೆಗೆ ಗೋಡೆ ಹತ್ತಿ ನಾನು, ವ್ಯಾಸರಾಜ, ಶಾಲಾ ಮಾಸ್ತರ. ಮೇಲಿನ ಮಾಳಿಗೆಯಲ್ಲಿ ವಾಯುಸೇನೆಯಿಂದ ನಿವೃತ್ತರಾದ ಕೊಡಗಿನ ಉತ್ತಪ್ಪನವರು. ತೊಂಬತ್ತನಾಲ್ಕರ ಬೇಸಿಗೆಯಲ್ಲಿ ವಾಡಾದ ಮೂರು ಮನೆಗಳ ಸಾಮಾನು ಒಂದೇ ಮನೆಗೆ ಹೇಗೆ ಬಂದು ಸೇರಿತು, ಸೇರಿ ಏನಾಯಿತು ಅನ್ನುವುದೇ ಈ ಕಥೆ.

ಮೂಲ ಕಾರಣ ಒಂದು ಧಾರಾವಾಹಿ. 'ದೋ ಕಮರೇ, ಸಾತ್ ಲೋಗ್' ಅಂತ ಅದರ ಹೆಸರು. ಶನಿವಾರ ಸಂಜೆ ದೂರದರ್ಶನದಲ್ಲಿ ಬರುತ್ತಿತ್ತು. ಎರಡು ಕೋಣೆಯ ಮನೆಯಲ್ಲಿ ಏಳು ಜನ ಒಬ್ಬರ ಕಾಲು ಒಬ್ಬರು ತುಳಿಯುತ್ತ ಬದುಕುವ ಕಥೆ. ಇಡೀ ವಾಡಾ ಗಲಗಲಿಯವರ ಪಡಸಾಲೆಯಲ್ಲಿ ಕೂತು ನಗುತ್ತಿತ್ತು. ಗಲಗಲಿಯವರು ನಗುತ್ತಿರಲಿಲ್ಲ. ಮೊಣಕಾಲ ಮೇಲೆ ನೋಟ್‌ಬುಕ್ಕು ಇಟ್ಟುಕೊಂಡು ತಪ್ಪು ಬರೆದುಕೊಳ್ಳುತ್ತಿದ್ದರು.

"ನೋಡಿದ್ರೇನ್ರಿ ಮಾಸ್ತರ? ಸೊಸಿ ಮಾಳಗಿ ಹತ್ತುವಾಗ ಹಸರು ಬಳಿ, ಇಳಿಯುವಾಗ ಕೆಂಪು ಬಳಿ! ಮ್ಯಾಲೆ ಬಳಿಗಾರ ಕೂತಿದ್ದನೇನು?"

ನಾವು ನೋಡಿರುತ್ತಿರಲಿಲ್ಲ. ನಾವು ಸೊಸೆಯ ಮಾತಿಗೆ ನಗುತ್ತಿದ್ದೆವು. ದೀಪಾವಳಿಯ ದಿನ ಕಿಟಕಿಯಲ್ಲಿ ಹುಣ್ಣಿಮೆಯ ಚಂದ್ರ ಬಂದಾಗಲಂತೂ ಗಲಗಲಿಯವರು ಪಂಚಾಂಗ ತರಿಸಿ, ಅಮಾವಾಸ್ಯೆಯ ಪುಟ ತೆರೆದು, ಟೀವಿಯ ಎದುರಿಗೆ ಹಿಡಿದು ನಿಂತರು. ನಾವು ಅರ್ಧ ಕಂತು ಅವರ ಬೆನ್ನು ನೋಡಿದೆವು.

ತೆರೆಯ ಹಿಂದಿನ ಸುದ್ದಿಯೂ ಅವರ ಬಳಿ ಬೇಕಾದಷ್ಟಿತ್ತು. ಪೋಫಳಿ ಕಾಕುವಿನ ಅಣ್ಣನ ಮಗ ಮುಂಬೈಯಲ್ಲಿ ಆ ಧಾರಾವಾಹಿಯ ಶೂಟಿಂಗಿಗೆ ದೀಪ ಹೊರುತ್ತಿದ್ದ. ವರ್ಷಕ್ಕೆರಡು ಸಲ ಬಂದಾಗ ಗಲಗಲಿಯವರು ಅವನಿಗೆ ಅವಲಕ್ಕಿ ತಿನ್ನಿಸಿ ಸುದ್ದಿ ಬಿಡಿಸುತ್ತಿದ್ದರು. ಅಜ್ಜನ ಪಾತ್ರದವನು ಮಗನ ಪಾತ್ರದವನಿಗಿಂತ ಎರಡು ವರ್ಷ ಚಿಕ್ಕವನಂತೆ. ಮಾಳಿಗೆಗೆ ಏಳೇ ಮೆಟ್ಟಿಲಂತೆ, ಮೇಲೆ ಕೋಣೆಯೇ ಇಲ್ಲವಂತೆ, ಹತ್ತಿದವರು ಹಿಂದಿನಿಂದ ಗಾದಿಯ ಮೇಲೆ ಜಿಗಿಯಬೇಕಂತೆ. ಪಂಜರದ ಗಿಳಿ ಮೊದಲು ನಿಜವಾದದ್ದೇ ಇತ್ತು, ಅದು ನಿರ್ದೇಶಕರಿಂದ ಬೈಗುಳ ಕಲಿತು ಅವರಿಗೇ ತಿರುಗಿ ಬೈದಿದ್ದರಿಂದ ಈಗ ಮಣ್ಣಿನ ಗಿಳಿ ಇಟ್ಟಿದ್ದಾರಂತೆ.

ಇಪ್ಪತ್ತೇಳನೆಯ ಕಂತಿನಲ್ಲಿ ಮಹಾಪರಾಧವೊಂದು ನಡೆಯಿತು. ಆ ಮನೆಯ ಅಳಿಯ ಟವೆಲು ಹೆಗಲ ಮೇಲೆ ಹಾಕಿಕೊಂಡು ಬಚ್ಚಲಿಗೆ ಹೋದ. ಮುಂದಿನ ವಾರ ಅದೇ ಟವೆಲಿನಲ್ಲಿ ತಲೆ ಒರೆಸಿಕೊಳ್ಳುತ್ತ ಇನ್ನೊಬ್ಬ ನಟ ಹೊರಗೆ ಬಂದ! ಅತ್ತೆ, ಮಾವ, ಹೆಂಡತಿ, ಯಾರೂ ಹುಬ್ಬು ಹಾರಿಸಲಿಲ್ಲ. ಗಲಗಲಿಯವರು ಎದ್ದು ನಿಂತರು.

"ಏನ್ ಮಂದಿರೀ ಇವರು! ಮನೀ ಅಳಿಯ ಬದಲಾದ್ರೂ ಗೊತ್ತಾಗದಂಥಾ ಮಾವ ಎಲ್ಲ್ಯರೆ ಇರ್ತಾನೇನ್ರಿ? ಕಣ್ಣಾಗ ಏನು ಎಣ್ಣಿ ಹಾಕ್ಕೊಂಡಿದ್ನ?"

ಆ ರಾತ್ರಿಯೇ ಮುಂಬೈಗೆ ಕಾಗದ ಹೋಯಿತು. ಮೂರು ವಾರಕ್ಕೆ ಉತ್ತರವೂ ಬಂತು. ಬರುತ್ತದೆ ಅಂತ ನಾವು ಯಾರೂ ಅಂದುಕೊಂಡಿರಲಿಲ್ಲ. ಬಂದದ್ದೇ ಎಲ್ಲ ಅನರ್ಥಕ್ಕೂ ಕಾರಣ. ಒಂದು ಕಾರ್ಡಿನಲ್ಲಿ ಹಿಂದಿಯಲ್ಲಿ ನಾಲ್ಕು ಸಾಲು: "ಗಲಗಲಿಜೀ, ಮೊದಲಿನ ನಟನಿಗೆ ಕಾಮಾಲೆಯಾಗಿತ್ತು. ಯಾರಿಗೂ ತಿಳಿಯುವುದಿಲ್ಲ ಅಂದುಕೊಂಡಿದ್ದೆವು. ಇಡೀ ಭಾರತದಲ್ಲಿ ಬರೆದು ಕೇಳಿದವರು ನೀವೊಬ್ಬರೇ. ನಿಮ್ಮ ದೃಷ್ಟಿಗೆ ನಮಸ್ಕಾರ."

ಗಲಗಲಿಯವರು ಆ ಕಾರ್ಡಿಗೆ ಸೀತಾಬರ್ಡಿ ಪೇಟೆಯಲ್ಲಿ ಗಾಜಿನ ಫ್ರೇಮು ಹಾಕಿಸಿ, ರಾಘವೇಂದ್ರ ಸ್ವಾಮಿಗಳ ಪಟಕ್ಕಿಂತ ಒಂದೇ ಒಂದು ಗೇಣು ಕೆಳಗೆ ತೂಗುಹಾಕಿದರು. ಹಾಲು ಹಾಕುವವನಿಗೂ ಓದಿ ಹೇಳಿದರು. ಅವನು ಪಾಪ, ಹಾಲಿನಲ್ಲಿ ನೀರಿರುವುದೂ ಕಂಡಿರಬಹುದೆಂದು ಹೆದರಿ ಒಂದು ವಾರ ಒಳ್ಳೇ ಹಾಲು ಹಾಕಿದ.

ಇಂಥ ಸಮಯದಲ್ಲಿ ಅವರ ಮಗಳು ಸುಮೇಧಾಳಿಗೆ ಸೊಲ್ಲಾಪುರದಿಂದ ಒಂದು ಸಂಬಂಧ ಬಂತು. ಹುಡುಗ ರಘುನಂದನ, ಇಲ್ಲೇ ವರ್ಧಾದ ಬ್ಯಾಂಕಿನಲ್ಲಿ ನೌಕರಿ. ಸುಮೇಧಾ ಬಾಲವಾಡಿಯಲ್ಲಿ ಪಾಠ ಹೇಳುವ, ಕಡಿಮೆ ಮಾತಿನ, ಅಚ್ಚುಕಟ್ಟಾದ ಹುಡುಗಿ. ಆ ಮನೆಯಲ್ಲಿ ಇನ್ನೊಬ್ಬರು ಮಾತಾಡಲು ಜಾಗವೂ ಇರಲಿಲ್ಲ ಅನ್ನಿ. ಕುಂಡಲಿಯ ಜೊತೆಗೆ ಹುಡುಗನ ಫೋಟೋ ಬಂದಿತ್ತು. ಗಲಗಲಿಯವರು ಭೂತಗನ್ನಡಿ ಹಿಡಿದು ಅರ್ಧ ತಾಸು ಪರೀಕ್ಷಿಸಿದರು.

"ಮಾಸ್ತರ, ಹುಡುಗನ ನೆರಳು ಎಡಕ್ಕ ಬಿದ್ದದ, ಹಿಂದಿನ ಪರದೆಯ ತಾಜಮಹಲದ ನೆರಳು ಬಲಕ್ಕ ಬಿದ್ದದ. ಅಂದ್ರ ಇವರ ಊರಾಗ ಎರಡು ಸೂರ್ಯ!"

"ಹುಡುಗ ಹೆಂಗಿದ್ದಾನ್ರಿ?" ಅಂತ ನಾನು ಕೇಳಿದೆ.

"ಹುಡುಗೇನ್ರಿ, ಹುಡುಗ ಇದ್ದಂಗ ಇದ್ದಾನ" ಅಂದು ಫೋಟೋವನ್ನು ಕಪಾಟಿನಲ್ಲಿ ಒಗೆದರು. ಆಮೇಲೆ ಅದನ್ನು ಅಲ್ಲಿಂದ ತೆಗೆದು ತನ್ನ ಪುಸ್ತಕದಲ್ಲಿಟ್ಟುಕೊಂಡವಳು ಸುಮೇಧಾ.

ಹುಡುಗನ ಕಡೆಯವರಿಗೆ ಬರೆದ ಕಾಗದದಲ್ಲಿ ಗಲಗಲಿಯವರು 'ಮನೆಯಲ್ಲಿ ಸಕಲ ಅನುಕೂಲವಿದೆ' ಅಂತ ಒಂದು ಸಾಲು ಸೇರಿಸಿಬಿಟ್ಟರು. ಬರೆದ ಮೇಲೆ ಮನೆಯನ್ನು ನೋಡಿದರು. ಎರಡು ಕಬ್ಬಿಣದ ಖುರ್ಚಿ, ಒಂದು ಮಂಚ, ಕಿರುಗುಟ್ಟುವ ಕೂಲರು, ಟೀವಿ. "ಇದ್ದದ್ದೇ ಇರ್ಲಿ ಬಿಡ್ರಿ" ಅಂದರು ಹೆಂಡತಿ ಸತ್ಯಭಾಮಾಬಾಯಿ. ಆದರೆ ಸೂಕ್ಷ್ಮದೃಷ್ಟಿಯವರಿಗೆ ಇದ್ದದ್ದು ಕಾಣಿಸುವುದಿಲ್ಲ, ಇಲ್ಲದ್ದೇ ಕಾಣಿಸುತ್ತದೆ. ಪೋಫಳಿ ಕಾಕುವಿನ ಸೋಫಾ ಬಂತು. ಉತ್ತಪ್ಪನವರ ಫ್ರಿಜ್ಜು, ಒಳಗೆಲ್ಲ ಖಾಲಿ ಮಾಡಿಸಿಕೊಂಡು, ಮಾಳಿಗೆಯಿಂದ ಇಳಿಯಿತು. ನನ್ನ ಮಾವ ಕೊಟ್ಟ ಲೋಲಕದ ಗಡಿಯಾರ ನನ್ನ ಕಣ್ಣೆದುರೇ ನನ್ನ ಗೋಡೆಯಿಂದ ಅವರ ಗೋಡೆಗೆ ಹೋಯಿತು.

ಏಪ್ರಿಲ್ ಕೊನೆಯ ರವಿವಾರ ಹುಡುಗನ ತಂದೆ ಗೋವಿಂದರಾವ್ ಅವರು ಬಂದರು. ಮೆತ್ತನೆಯ ಮಾತಿನ ನಿವೃತ್ತ ಮಾಸ್ತರು. ಜೊತೆಗೆ ದುಂಡನೆ ಮುಖದ ಒಬ್ಬ ತರುಣ. ಅವರು ಕೂಡುವ ಮೊದಲೇ ಗಲಗಲಿಯವರು ಫ್ರೇಮು ಕೆಳಗಿಳಿಸಿ ಕಾರ್ಡು ಓದತೊಡಗಿದರು. ಗೋವಿಂದರಾಯರು ತರುಣನ ಕಡೆ ಕೈ ತೋರಿಸಿ ಏನೋ ಹೇಳಹೋದರು. "ತಡೀರಿ, ಮುಖ್ಯ ಮಾತು ಮುಂದದ" ಅಂದರು ಗಲಗಲಿ. ಗಿಳಿಯ ಕಥೆ ಮುಗಿಯಿತು. ಗೋವಿಂದರಾಯರು ಮತ್ತೆ ಬಾಯಿ ತೆರೆದರು. ಏಳು ಮೆಟ್ಟಿಲಿನ ಕಥೆ ಶುರುವಾಯಿತು. ಮೂರನೆಯ ಸಲ ಅವರು ಬಾಯಿ ತೆರೆದದ್ದು ಶಿರಾ ತಿನ್ನಲು. ಆ ತರುಣನಂತೂ ಶಿರಾವನ್ನು ಮೂರು ಸಲ ಹಾಕಿಸಿಕೊಂಡ. ಸುಮೇಧಾ ನಗುತ್ತ ಅವನೊಡನೆ ಬಾಗಿಲ ಬಳಿ ನಾಲ್ಕು ಮಾತಾಡಿದ್ದನ್ನೂ ನೋಡಿದೆವು. ಹೊರಡುವಾಗ ನಾನು ನನ್ನ ಕ್ಯಾಮೆರಾದಲ್ಲಿ ಎಲ್ಲರದೂ ಒಂದು ಫೋಟೋ ತೆಗೆದೆ. ಗಲಗಲಿಯವರು ಅದರ ಒಂದು ಪ್ರತಿಯನ್ನು ಸೊಲ್ಲಾಪುರಕ್ಕೂ ಕಳಿಸಿದರು.

ಮರುದಿನ ನನ್ನ ಹೆಂಡತಿ ರಾಗಿಣಿ ಸುದ್ದಿ ತಂದಳು. "ಸುಮೇಧಾಗ ಹುಡುಗ ಒಪ್ಪಿಗಿ ಅಂತ. ಇದಾಗದಿದ್ರ ಬ್ಯಾರೆ ನೋಡಬ್ಯಾಡ್ರಿ ಅಂತ ತಾಯಿ ಮುಂದ ಅಂದಾಳಂತ." ನಮಗೆಲ್ಲ ಸಂತೋಷವಾಯಿತು. ಸಾಮಾನು ಅವರವರ ಮನೆಗೆ ಹೋಯಿತು.

ಮೇ ತಿಂಗಳ ಒಂದು ರವಿವಾರ ಬೆಳಿಗ್ಗೆ ಹತ್ತು ಗಂಟೆಗೆ ಪೋಫಳಿ ಕಾಕುವಿನ ಫೋನಿಗೆ ಸುದ್ದಿ ಬಂತು. ಗೋವಿಂದರಾಯರ ಅಕ್ಕ ಸಾವಿತ್ರಕ್ಕ ಕನ್ಯೆ ನೋಡಲು ಮಧ್ಯಾಹ್ನ ಮೂರಕ್ಕೆ ಬರುತ್ತಾರೆ. ಅವರ ಮಾತೇ ಆ ಮನೆಯ ಕೊನೆಯ ಮಾತು. ಅವರು ಹೂಂ ಅಂದರೆ ಮದುವೆ, ಉಹುಂ ಅಂದರೆ ಇಲ್ಲ.

ಗಲಗಲಿಯವರು ನಾನು ತೆಗೆದ ಫೋಟೋ ಹಿಡಿದು ಅಂಗಳಕ್ಕೆ ಬಂದರು. ಮುಖದಲ್ಲಿ ಸೇನಾಪತಿಯ ಕಳೆ.

"ಮಾಸ್ತರ, ಈ ಫೋಟೋ ಅವರ ಕಡೆನೂ ಅದ. ಒಂದು ಚಮಚಾ ಆಚೀಚೆ ಆಗಂಗಿಲ್ಲ. ಇಡೀ ಭಾರತದಾಗ ತಪ್ಪು ಹುಡುಕಿದಾಂವ ನಾನು, ನನ್ನ ಮನ್ಯಾಗ ತಪ್ಪು ಸಿಕ್ಕರ ಹೆಂಗ?"

ಶುರುವಾಯಿತು ನೋಡಿ. ಸೋಫಾ, ಗಡಿಯಾರ ಮತ್ತೆ ಬಂದವು. ಫೋಟೋದಲ್ಲಿ ಕ್ಯಾಲೆಂಡರು ಏಪ್ರಿಲ್ ತೋರಿಸುತ್ತಿತ್ತು. ಮೇ ತಿಂಗಳನ್ನು ಹಿಂದಕ್ಕೆ ಮಡಚಿದರು. ಬಟ್ಟಲಲ್ಲಿ ಐದು ಬಾಳೆಹಣ್ಣು, ಒಂದರ ಮೇಲೆ ಕಪ್ಪು ಕಲೆ. ಕಲೆಯಿದ್ದ ಹಣ್ಣಿಗಾಗಿ ನಾನು ಬಿಸಿಲಲ್ಲಿ ಮೂರು ಗಾಡಿ ತಿರುಗಿದೆ. ನಾಗಪುರದ ಮೇ ಬಿಸಿಲು ಗೊತ್ತಿದ್ದವರು ನನ್ನನ್ನು ಕ್ಷಮಿಸುವುದಿಲ್ಲ. ಗಡಿಯಾರ ಫೋಟೋದಲ್ಲಿ ನಾಲ್ಕೂ ಹತ್ತು ತೋರಿಸುತ್ತಿತ್ತು. ಗಲಗಲಿಯವರು ಮುಳ್ಳು ತಿರುವಿ ನಾಲ್ಕೂ ಹತ್ತಕ್ಕೆ ತಂದು, ಲೋಲಕ ಕಳಚಿ ಕಿಸೆಯಲ್ಲಿಟ್ಟುಕೊಂಡರು. ನನ್ನ ಮಾವನ ಗಡಿಯಾರ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನಿಂತಿತು.

ಫ್ರಿಜ್ಜಿನದೇ ತೊಂದರೆ. ಉತ್ತಪ್ಪನವರ ಹೆಂಡತಿ ದೇಚಮ್ಮ ಬಾಗಿಲಿಗೆ ಅಡ್ಡ ನಿಂತರು. "ಇವತ್ತು ಭಾನುವಾರ. ಫ್ರಿಜ್ ತುಂಬಾ ಅಡುಗೆ ಇದೆ. ನಿಮ್ಮ ಮನೆಗೆ ತರುವಂಥದ್ದಲ್ಲ ಅದು, ಗಲಗಲಿಯವರೇ." ಅದರೊಳಗೆ ಏನಿತ್ತು ಅನ್ನುವುದನ್ನು ವೈಷ್ಣವರ ಮನೆಯ ಕಥೆಯಲ್ಲಿ ಬರೆಯುವಂತಿಲ್ಲ. ಗಲಗಲಿಯವರು ಎರಡು ನಿಮಿಷ ಕಣ್ಣು ಮುಚ್ಚಿ ಯೋಚಿಸಿ, "ಕೀಲಿ ಹಾಕಿ ಕೊಡ್ರಿ. ಕೀಲಿಕೈ ನೀವೇ ಇಟ್ಕೋರಿ. ನಾ ಏನೂ ಕೇಳಿಲ್ಲ, ನೀವು ಏನೂ ಹೇಳಿಲ್ಲ" ಅಂದರು. ಫ್ರಿಜ್ಜು ತುಂಬಿದ ಬಸುರಿಯಂತೆ ನಾಲ್ಕು ಜನರ ಕೈಮೇಲೆ ನಿಧಾನವಾಗಿ ಇಳಿಯಿತು.

"ಸುಮೇಧಾ, ಅದೇ ನೀಲಿ ಸೀರಿ ಉಡು. ಫೋಟೋದಾಗ ನೀಲಿ ಅದ."

"ಅಪ್ಪಾ, ಎರಡೂ ಸಲ ಒಂದೇ ಸೀರಿ ಉಟ್ಟರ..."

"ಇದು ಸೀರಿ ಪ್ರಶ್ನೆ ಅಲ್ಲ, ಸಿದ್ಧಾಂತದ ಪ್ರಶ್ನೆ!"

ಸತ್ಯಭಾಮಾಬಾಯಿ ಒಳಗಿನಿಂದ ಬಂದು, "ಅಲ್ರಿ, ಒಂದು ಮಾತು ಹೇಳೋದದ. ಮನ್ನೆ ಬಂದ ಹುಡುಗ..." ಅಂದರು. "ನಡುವ ಮಾತಾಡಬ್ಯಾಡ, ಸೋಫಾ ಅಳೀಲಿಕ್ಕೆ ಹತ್ತೀನಿ" ಅಂದರು ಗಲಗಲಿ. ಅವರು ನನ್ನತ್ತ ನೋಡಿ ಒಮ್ಮೆ ನಿಟ್ಟುಸಿರು ಬಿಟ್ಟರು. ನಾನೂ ಬಿಟ್ಟೆ, ನನ್ನದು ಗಡಿಯಾರಕ್ಕಾಗಿ.

ಮೂರು ಗಂಟೆಗೆ ಸರಿಯಾಗಿ ಆಟೋ ಬಂತು. ಸಾವಿತ್ರಕ್ಕ ಇಳಿದರು. ಎಪ್ಪತ್ತರ ವಯಸ್ಸು, ನೆಟ್ಟಗಿನ ಬೆನ್ನು, ಕೈಯಲ್ಲೊಂದು ಚೀಲ. ಹಿಂದೆ ಗೋವಿಂದರಾಯರು, ಅವರ ಹಿಂದೆ ಹುಡುಗ. ಹುಡುಗ ಯಾಕೋ ಸೊರಗಿದಂತೆ ಕಂಡ. ಕನ್ನಡಕ ಬೇರೆ ಬಂದಿತ್ತು. ಮೂರು ವಾರದ ಬಿಸಿಲು ಮನುಷ್ಯನನ್ನು ಏನು ಮಾಡಿಬಿಡುತ್ತದೆ ಅಂದುಕೊಂಡು ನಾನು ಮತ್ತೆ ನನ್ನ ಗಡಿಯಾರದ ಕಡೆ ನೋಡತೊಡಗಿದೆ.

ಗಲಗಲಿಯವರು ಎಲ್ಲರನ್ನೂ ಫೋಟೋದಲ್ಲಿದ್ದ ಜಾಗದಲ್ಲೇ ಕೂಡಿಸಿದರು. ಗೋವಿಂದರಾಯರ ಕಾಲನ್ನು ಸ್ವಲ್ಪ ಎಡಕ್ಕೆ ಸರಿಸಿದರು. ಹುಡುಗನ ಭುಜ ಹಿಡಿದು ಖುರ್ಚಿಯಲ್ಲಿ ಕೂಡಿಸಿ, ತಟ್ಟೆಯಲ್ಲಿ ಶಿರಾ ಸುರಿದರು.

"ಸಂಕೋಚ ಬ್ಯಾಡ. ಮನ್ನೆ ಮೂರು ಸಲ ಹಾಕ್ಸಿಕೊಂಡ್ರಿ, ಇವತ್ತೂ ಮೂರು ಸಲ."

ಹುಡುಗ ಗಾಬರಿಯಿಂದ, "ನಾನು ಸಿಹಿ ಅಷ್ಟಾಗಿ..." ಅಂದ.

"ಮನ್ನೆ ತಿಂದಾಂವ ಇವತ್ತು ಯಾಕ ತಿನ್ನಂಗಿಲ್ಲ? ಹಂಗ ನಡೀಯಂಗಿಲ್ಲ!"

ಹುಡುಗ ತಂದೆಯ ಮುಖ ನೋಡಿದ. ತಂದೆ ಬಾಯಿ ತೆರೆದರು. ಗಲಗಲಿಯವರು ಫ್ರೇಮು ಇಳಿಸಿದರು. ತಂದೆ ಬಾಯಿ ಮುಚ್ಚಿದರು. ಹುಡುಗ ತಿನ್ನತೊಡಗಿದ. ಬಾಗಿಲ ಹಿಂದೆ ನಿಂತ ಸುಮೇಧಾ ಕಣ್ಣಲ್ಲೇ ಅವನಿಗೆ ಸಮಾಧಾನ ಹೇಳುತ್ತಿದ್ದಳು.

ಸಾವಿತ್ರಕ್ಕ ಚೀಲದಿಂದ ಫೋಟೋ ತೆಗೆದರು. ಫೋಟೋ ನೋಡಿದರು, ಮನೆ ನೋಡಿದರು, ಫೋಟೋ ನೋಡಿದರು.

"ಗಡಿಯಾರ ಎಷ್ಟು ತೋರಸ್ತದಪಾ?"

"ನಾಲ್ಕೂ ಹತ್ತು" ಅಂದರು ಗಲಗಲಿ, ಹೆಮ್ಮೆಯಿಂದ.

"ನಾ ಬಂದಾಗೂ ನಾಲ್ಕೂ ಹತ್ತಿತ್ತು. ಈ ಫೋಟೋದಾಗೂ ನಾಲ್ಕೂ ಹತ್ತದ. ನಿಮ್ಮ ಮನ್ಯಾಗ ಅಕ್ಷಯ ತೃತೀಯಾ ಇನ್ನೂ ಆಗಿಲ್ಲೇನು? ಕ್ಯಾಲೆಂಡರು ಏಪ್ರಿಲ್ ಅಂತದ."

ಗಲಗಲಿಯವರು ಬೆವರು ಒರೆಸಿಕೊಂಡರು.

"ಇರ್ಲಿ. ಒಂದು ಗ್ಲಾಸು ತಣ್ಣೀರು ಕೊಡ್ರಿ. ಫ್ರಿಜ್ಜಿಂದು."

ಕಿಟಕಿಯ ಹೊರಗೆ ನಿಂತಿದ್ದ ದೇಚಮ್ಮನವರು ಕೀಲಿಕೈಯನ್ನು ಗಟ್ಟಿಯಾಗಿ ಮುಚ್ಚಿ ಹಿಡಿದುಕೊಂಡರು. ವಾಡಾದ ಅರ್ಧ ಜನ ಆ ಕಿಟಕಿಗೆ ಜೋತುಬಿದ್ದಿದ್ದರು ಅನ್ನುವುದನ್ನು ಹೇಳಲು ಮರೆತೆ.

"ಫ್ರಿಜ್ಜಿನ ನೀರು ಬ್ಯಾಡ್ರಿ" ಅಂದರು ಗಲಗಲಿ. "ನಮ್ಮ ಮನ್ಯಾಗ ಎಲ್ಲಾರಿಗೂ ನೆಗಡಿ ಅದ."

ಹೊರಗೆ ನಲವತ್ತಾರು ಡಿಗ್ರಿ. ರಸ್ತೆಯ ಡಾಂಬರು ಕರಗಿ ಚಪ್ಪಲಿಗೆ ಹತ್ತುತ್ತಿತ್ತು. ಒಳಗೆ ಎಲ್ಲರಿಗೂ ನೆಗಡಿ.

ಸಾವಿತ್ರಕ್ಕ ಸುಮೇಧಾಳನ್ನು ನೋಡಿದರು. "ಅದೇ ನೀಲಿ ಸೀರಿ. ಬಟ್ಟಲದಾಗ ಅವೇ ಐದು ಬಾಳಿಹಣ್ಣು, ಕಲಿ ಸುದ್ದಾ. ಇದೇನು ಮನಿಯೋ, ಫೋಟೋನೋ? ಗೋವಿಂದಾ, ಈ ಮಂದಿ ಏನೋ ಮುಚ್ಚಿಡ್ಲಿಕ್ಕೆ ಹತ್ಯಾರ. ಮುಚ್ಚಿಡೋ ಮನಿ ನಮಗ ಬ್ಯಾಡ. ಏಳು."

ಅವರು ಏಳುವುದಕ್ಕೂ ಪೋಫಳಿ ಕಾಕು ಒಳಗೆ ನುಗ್ಗುವುದಕ್ಕೂ ಸರಿಹೋಯಿತು. "ಅಹೋ ಗಲಗಲಿ, ಮಾಝಾ ಸೋಫಾ ದ್ಯಾ ಪಾಹೂ! ಘರೀ ಪಾವ್ಹಣೇ ಆಲೇತ, ಸಗಳೇ ಜಮಿನೀವರ್ ಬಸಲೇತ!" ಅವರ ಮನೆಗೂ ನೆಂಟರು ಬಂದು ನೆಲದ ಮೇಲೆ ಕೂತಿದ್ದರು, ಅವರಿಗೆ ತಮ್ಮ ಸೋಫಾ ವಾಪಸು ಬೇಕಿತ್ತು.

ಸಾವಿತ್ರಕ್ಕನಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಸೊಲ್ಲಾಪುರದವರು.

ಗಲಗಲಿಯವರು ಲೋಲಕ ಇದ್ದ ಕಿಸೆಗೆ ಕೈ ಹಾಕಿ ನಿಂತುಬಿಟ್ಟರು. ಅವರ ಮುಖ ನೋಡಿ ನನಗೆ ನಿಜಕ್ಕೂ ಕೆಟ್ಟದೆನಿಸಿತು. ಮಗಳ ಮದುವೆ ಮುರಿಯುತ್ತಿದೆ, ಮುರಿಯುತ್ತಿರುವುದು ತಮ್ಮ ಕೈಯಿಂದಲೇ ಅನ್ನುವುದು ಅವರಿಗೆ ಆಗ ತಿಳಿದಿತ್ತು.

ಸುಮೇಧಾ ಮುಂದೆ ಬಂದಳು.

"ಮಾವಶಿ, ಕೂಡ್ರಿ. ಸೋಫಾ ಈ ಕಾಕೂದು. ಫ್ರಿಜ್ಜು ಮಾಳಗಿ ಮ್ಯಾಲಿನ ಉತ್ತಪ್ಪ ಅಂಕಲ್‌ದು, ಕೀಲಿಕೈ ಅವರ ಕಡೆ ಅದ. ಗಡಿಯಾರ ಮಾಸ್ತರ ಕಾಕಾಂದು. ಬಾಳಿಹಣ್ಣು ಇವತ್ತಿಂದು, ಕಲಿ ಹುಡುಕಿ ತಂದದ್ದು. ಶಿರಾ ನಾ ಮಾಡೀನಿ. ಸೀರಿ ನಂದು, ಬ್ಯಾರೆನೂ ಅವ. ನಮ್ಮಪ್ಪಗ ಸುಳ್ಳು ಹೇಳ್ಲಿಕ್ಕೆ ಬರಂಗಿಲ್ಲ. ನೀವು ತಪ್ಪು ಹುಡುಕಬಾರದು ಅಂತ ಬೆಳಿಗ್ಗಿಂದ ಊಟಾ ಬಿಟ್ಟು ಒದ್ದಾಡ್ಯಾರ."

ಅವಳು ಅಷ್ಟು ಮಾತಾಡಿದ್ದನ್ನು ನಾವು ಯಾರೂ ಕೇಳಿರಲಿಲ್ಲ.

ಸಾವಿತ್ರಕ್ಕ ನಿಧಾನವಾಗಿ ಕೂತರು. ಪೋಫಳಿ ಕಾಕುವೂ ಪಕ್ಕದಲ್ಲಿ, ತಮ್ಮದೇ ಸೋಫಾದ ಮೇಲೆ, ಕೂತರು. ಸಾವಿತ್ರಕ್ಕ ಫೋಟೋವನ್ನು ಗಲಗಲಿಯವರ ಕೈಗೆ ಕೊಟ್ಟರು.

"ರಾಯರ, ಗಡಿಯಾರ ನೋಡಿದ್ರಿ. ಬಾಳಿಹಣ್ಣು ಎಣಿಸಿದ್ರಿ. ನಮ್ಮ ಹುಡುಗನ ಮಾರಿ ನೋಡಿದ್ರೇನು?"

"ನೋಡದೇ ಏನ್ರಿ? ಮನ್ನೆನೇ..."

"ಈಗ ನೋಡ್ರಿ."

ಗಲಗಲಿಯವರು ಫೋಟೋದಲ್ಲಿದ್ದ ದುಂಡು ಮುಖ ನೋಡಿದರು. ಖುರ್ಚಿಯಲ್ಲಿ ಮೂರನೆಯ ಶಿರಾ ಮುಂದಿಟ್ಟುಕೊಂಡು ಕಷ್ಟಪಡುತ್ತಿದ್ದ ಉದ್ದ ಮುಖ ನೋಡಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದರು.

"ಇವರು... ಅವರಲ್ಲ!"

"ಮನ್ನೆ ಬಂದಾಂವ ನನ್ನ ತಂಗೀ ಮಗ ಅಮೇಯ" ಅಂದರು ಗೋವಿಂದರಾಯರು, ಕಡೆಗೂ ಬಾಯಿ ತೆರೆಯಲು ಸಿಕ್ಕ ಸಂತೋಷದಲ್ಲಿ. "ರಘುಗ ಆ ರವಿವಾರನೂ ಬ್ಯಾಂಕಿನಾಗ ಲೆಕ್ಕದ ತಪಾಸಣಿ ಇತ್ತು, ಅಂತ ನನ್ನ ಜೋಡಿ ಆಂವ ಬಂದಿದ್ದ. ಹೇಳಬೇಕಂತ ಎಷ್ಟು ಸಲ ಬಾಯಿ ತಗದೆ. ಅಷ್ಟೂ ಸಲ ನೀವು ಧಾರಾವಾಹಿ ತಗದ್ರಿ."

"ಸುಮೇಧಾ! ನಿನಗ ಗೊತ್ತಿತ್ತೇನು?"

"ಫೋಟೋ ನನ್ನ ಕಡೆನೇ ಇತ್ತಲ್ಲಪ್ಪಾ. ಅಮೇಯ ಅವರೇ ಎಲ್ಲಾ ಹೇಳಿದ್ರು. ಆಮ್ಯಾಲೆ ಅವ್ವ ಹೂಂ ಅಂದ ಮ್ಯಾಲೆ ಸೀತಾಬರ್ಡಿಯೊಳಗ ಒಮ್ಮೆ ಇವರನ್ನ ಭೆಟ್ಟಿನೂ ಆಗೀನಿ." ಅವಳು ತಲೆ ತಗ್ಗಿಸಿದಳು. "ನಾನು ಒಪ್ಪಿದ್ದು ಇವರನ್ನ."

"ನಾನೂ ಮೂರು ಸಲ ಹೇಳಲಿಕ್ಕೆ ಬಂದೆ" ಅಂದರು ಸತ್ಯಭಾಮಾಬಾಯಿ. "ನೀವು ಸೋಫಾ ಅಳೀಲಿಕ್ಕೆ ಹತ್ತಿದ್ರಿ."

ಕಿಟಕಿಯ ಹೊರಗಿಂದ ಉತ್ತಪ್ಪನವರ ಗಟ್ಟಿ ದನಿ ಬಂತು. "ಗಲಗಲಿಯವರೇ, ಆ ಕಾರ್ಡು ಇನ್ನೊಂದು ಸಲ ಓದಿ! ಇಡೀ ಭಾರತದಲ್ಲಿ ಅಳಿಯ ಬದಲಾದ್ದು ಯಾರಿಗೆ ಗೊತ್ತಾಯಿತು?"

ಮೊದಲು ನಕ್ಕವರು ಸಾವಿತ್ರಕ್ಕ. ನೆಟ್ಟಗಿನ ಬೆನ್ನು ಬಾಗಿ, ಪೋಫಳಿ ಕಾಕುವಿನ ಭುಜಕ್ಕೊರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಕಾಕುವಿಗೆ ಏನೂ ಅರ್ಥವಾಗದಿದ್ದರೂ ಅವರೂ ನಕ್ಕರು. ವಾಡಾ ನಕ್ಕಿತು. ಕೊನೆಗೆ ಗಲಗಲಿಯವರೂ ನಕ್ಕರು, ಅಳುವ ಹಾಗೆ.

"ಹೂಂ" ಅಂದರು ಸಾವಿತ್ರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು. "ಹುಡುಗಿ ಖರೇ ಮಾತಾಡ್ತದ. ನಂದು ಒಪ್ಪಿಗಿ. ಆದರ ರಾಯರ, ಮದುವಿ ದಿನ ಹುಡುಗನ್ನ ನೋಡಿ ಧಾರೀ ಎರೀರಿ. ಅಮೇಯನೂ ಅಲ್ಲೇ ಇರ್ತಾನ."

ಆ ಮಾತನ್ನು ಗಲಗಲಿಯವರು ತಮಾಷೆಯೆಂದು ತಿಳಿಯಲಿಲ್ಲ. ಜೂನ್ ತಿಂಗಳಲ್ಲಿ ಮದುವೆ. ವಧೂವರರ ನಡುವೆ ಅಂತರಪಟ ಹಿಡಿದಾಗಿತ್ತು. ಭಟ್ಟರು ಮಂಗಳಾಷ್ಟಕದ ಆರನೆಯ ಶ್ಲೋಕದಲ್ಲಿದ್ದರು, ನಾವೆಲ್ಲ ಮುಷ್ಟಿಯಲ್ಲಿ ಅಕ್ಷತೆ ಹಿಡಿದು ಕಾಯುತ್ತಿದ್ದೆವು. ಗಲಗಲಿಯವರು ಶಲ್ಯದೊಳಗಿನಿಂದ ಹಳೇ ಫೋಟೋ ತೆಗೆದರು, ಆ ತಾಜಮಹಲಿನ ಫೋಟೋ. ವರನ ಎದುರಿಗೆ ಹೋಗಿ ನಿಂತು, ಬಾಸಿಂಗ ಸ್ವಲ್ಪ ಸರಿಸಿ, ಮುಖ ನೋಡಿದರು. ಫೋಟೋ ನೋಡಿದರು. ಮೂಗು, ಹುಬ್ಬು, ಕಿವಿ. ಆಮೇಲೆ ಪಟದ ಈ ಕಡೆ ಬಂದರು. ಇಲ್ಲಿ ಹೋಲಿಸಿ ನೋಡಲು ಕೈಯಲ್ಲಿ ವಧುವಿನ ಫೋಟೋ ಇರಲಿಲ್ಲ. ಮಗಳ ಮುಖವನ್ನು ಸುಮ್ಮನೆ ನೋಡುತ್ತ ನಿಂತರು. ಆ ಮುಖವನ್ನು ಅಷ್ಟು ಹೊತ್ತು ಅವರು ಯಾವತ್ತೂ ನೋಡಿರಲಿಲ್ಲ. ಕಣ್ಣು ತುಂಬಿ ಬಂತು, ಇದ್ದ ದನಿಯನ್ನೆಲ್ಲ ಒಟ್ಟುಮಾಡಿ ಕೂಗಿದರು:

"ಬರೋಬರ್ ಅದ!"

ಮುಹೂರ್ತ ಬಂತೆಂದು ತಿಳಿದು ಮುನ್ನೂರು ಜನ ಅಕ್ಷತೆ ಎಸೆದುಬಿಟ್ಟರು. ವಾಲಗದವರು ಊದಿಬಿಟ್ಟರು. ಭಟ್ಟರು "ಇನ್ನೂ ಎರಡು ಶ್ಲೋಕ ಅವರೀ!" ಅಂತ ಕೈ ಎತ್ತಿ ಕೂಗುತ್ತಿದ್ದರು, ಅವರ ಬಾಯೊಳಗೂ ಅಕ್ಷತೆ ಬಿತ್ತು.

ಆ ವಿಡಿಯೋ ಕ್ಯಾಸೆಟ್ಟು ಈಗಲೂ ಇದೆ. ಮದುವೆಯ ದಿನ ಬಂತೆಂದರೆ ಗಲಗಲಿಯವರು ವಾಡಾದವರನ್ನೆಲ್ಲ ಕರೆದು ತಮ್ಮ ಕಬ್ಬಿಣದ ಖುರ್ಚಿಗಳ ಮೇಲೆ ಕೂಡಿಸಿ ಹಾಕುತ್ತಾರೆ. ಅದರಲ್ಲಿ ಅಕ್ಷತೆ ಮೊದಲು ಬೀಳುತ್ತದೆ, ಅಂತರಪಟ ಆಮೇಲೆ ಸರಿಯುತ್ತದೆ. ನಾವೆಲ್ಲ ತೋರಿಸಿ ತೋರಿಸಿ ನಗುತ್ತೇವೆ. ನೋಟ್‌ಬುಕ್ಕು ಅವರ ಪಕ್ಕದಲ್ಲೇ ಇರುತ್ತದೆ. ಆ ತಪ್ಪನ್ನು ಮಾತ್ರ ಅವರು ಇವತ್ತಿನವರೆಗೆ ಬರೆದುಕೊಂಡಿಲ್ಲ.